ಹವ್ಯಾಸಿ ರೇಡಿಯೋ: ಮೊದಲ ವಾಕಿಟಾಕಿಯ ಆಯ್ಕೆ

ಯಾವ ಲಾಭದ ಆಸೆಯೂ ಇಲ್ಲದೆ, ಕಲಿಯುವ ಹಂಬಲದಿಂದಲೇ ರೇಡಿಯೋ ಮೂಲಕ ಪರಸ್ಪರ ಮಾತನಾಡುವವರನ್ನು ಹವ್ಯಾಸಿ ರೇಡಿಯೋದವರು ಅಥವಾ 'ಹ್ಯಾಮ್'ಗಳು ಎನ್ನುತ್ತಾರೆ. ನಮ್ಮ ದೇಶದಲ್ಲಿ 12 ವರ್ಷ ತುಂಬಿದವರು ಸರ್ಕಾರದ ಪರೀಕ್ಷೆಗೆ ಕುಳಿತು ಇದಕ್ಕೆ ಪರವಾನಗಿ ಪಡೆಯಬಹುದು. ವಿಜ್ಞಾನದ ಪದವಿ ಬೇಕೆಂಬ ನಿಯಮವಿಲ್ಲ. ಆದುದರಿಂದ ನನ್ನಂಥ ಕಲಾ ವಿಭಾಗದ ವಿದ್ಯಾರ್ಥಿಗೂ ಈ ಬಾಗಿಲು ತೆರೆದೇ ಇದೆ. ಆದರೆ ವಿದ್ಯಾರ್ಥಿವೇತನದಲ್ಲಿ ಉಳಿಸಿದ ಅಲ್ಪ ಹಣದಿಂದ ಯಂತ್ರ ಕೊಳ್ಳಬೇಕಾದವನು ಜಾಹೀರಾತನ್ನು ನಂಬಿ ಕೈಸುಟ್ಟುಕೊಳ್ಳಬಾರದಷ್ಟೆ.

ಅಂಗಡಿಯಲ್ಲಿ ಎಲ್ಲರೂ ಮೊದಲು ಕೇಳುವ ಪ್ರಶ್ನೆ: "ಎಷ್ಟು ವ್ಯಾಟ್? ಎಷ್ಟು ಮೈಲಿ?" ನನ್ನ ಮಟ್ಟಿಗೆ ಕೇಳಬೇಕಾದ ಪ್ರಶ್ನೆ ಇದಲ್ಲ. ಹೊಸಬರು ಸಾಮಾನ್ಯವಾಗಿ ಬಳಸುವುದು 144ರಿಂದ 146 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು. ಇಲ್ಲಿ ಅಲೆಯ ಉದ್ದ ಸುಮಾರು 2 ಮೀಟರ್. ಈ ಅಲೆಗಳು ಬೆಳಕಿನಂತೆ ಹೆಚ್ಚುಕಡಿಮೆ ನೇರವಾಗಿ ಸಾಗುತ್ತವೆ. ಭೂಮಿಯ ಉಬ್ಬು, ಗುಡ್ಡ, ಕಟ್ಟಡಗಳು ಅವುಗಳನ್ನು ತಡೆಯುತ್ತವೆ. ಆಂಟೆನಾದ ಎತ್ತರವನ್ನು ಮೀಟರಿನಲ್ಲಿ ಅಳೆದು, ಅದರ ವರ್ಗಮೂಲವನ್ನು 4.1ರಿಂದ ಗುಣಿಸಿದರೆ ರೇಡಿಯೋ ದಿಗಂತದ ದೂರ ಕಿಲೋಮೀಟರಿನಲ್ಲಿ ದೊರೆಯುತ್ತದೆ. ಬಯಲಿನಲ್ಲಿ ನಿಂತವನ ಆಂಟೆನಾ ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ ಆ ದೂರ ಸುಮಾರು 5 ಕಿಲೋಮೀಟರ್. ಅವನೇ 100 ಮೀಟರಿನ ಗುಡ್ಡವನ್ನೇರಿದರೆ 41 ಕಿಲೋಮೀಟರ್! 5 ವ್ಯಾಟನ್ನು 10 ವ್ಯಾಟಿಗೆ ಏರಿಸಿದರೆ ದೊರೆಯುವ ಹೆಚ್ಚಳವಾದರೋ ಕೇವಲ 3 ಡೆಸಿಬೆಲ್. ಸುಮಾರು 400 ಕಿಲೋಮೀಟರ್ ಮೇಲೆ ಸುತ್ತುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹವ್ಯಾಸಿ ಪ್ರಸಾರವನ್ನು 145.800 ಮೆಗಾಹರ್ಟ್ಸ್‌ನಲ್ಲಿ ಸಾಮಾನ್ಯ ವಾಕಿಟಾಕಿಯಿಂದಲೂ ಕೇಳಬಹುದು. ಅದೇ ವಾಕಿಟಾಕಿಗೆ ಗುಡ್ಡದಾಚೆಯ ಹಳ್ಳಿಯ ಗೆಳೆಯನ ದನಿ ಕೇಳದೆ ಹೋಗಬಹುದು.

ಈ ಅಡ್ಡಿಯನ್ನು ದಾಟಲೆಂದೇ ಎತ್ತರದ ಸ್ಥಳಗಳಲ್ಲಿ ರಿಪೀಟರುಗಳನ್ನು ಸ್ಥಾಪಿಸುತ್ತಾರೆ. ರಿಪೀಟರು ನಮ್ಮ ಮಾತನ್ನು ಒಂದು ಆವರ್ತನದಲ್ಲಿ ಸ್ವೀಕರಿಸಿ, ಮತ್ತೊಂದರಲ್ಲಿ ಅದೇ ಕ್ಷಣ ಮರುಪ್ರಸಾರ ಮಾಡುತ್ತದೆ. ಈ ಪಟ್ಟಿಯಲ್ಲಿ ಎರಡರ ನಡುವಿನ ಅಂತರ ಸಾಮಾನ್ಯವಾಗಿ 600 ಕಿಲೋಹರ್ಟ್ಸ್. ಹಲವು ರಿಪೀಟರುಗಳು ಮಾತಿನೊಡನೆ ಒಂದು ಸಣ್ಣ ಗುರುತಿನ ಸ್ವರ ಬಂದರೆ ಮಾತ್ರ ತೆರೆದುಕೊಳ್ಳುತ್ತವೆ. ಕೊಳ್ಳುವ ಯಂತ್ರಕ್ಕೆ ಈ ಅಂತರವನ್ನೂ ಸ್ವರವನ್ನೂ ಹೊಂದಿಸುವ ಸೌಕರ್ಯವಿರಲೇಬೇಕು.

ಉಳಿದ ಗುಣಗಳು ಸರಳವಾದವು. ಬ್ಯಾಟರಿಯೂ ಆಂಟೆನಾವೂ ಬಿಚ್ಚಿ ಬದಲಾಯಿಸುವಂತಿರಬೇಕು. ಯಂತ್ರದೊಡನೆ ಬರುವ ಗಿಡ್ಡ ಆಂಟೆನಾಕ್ಕಿಂತ ಅರ್ಧ ಮೀಟರ್, ಅಂದರೆ ಅಲೆಯುದ್ದದ ಕಾಲು ಭಾಗದಷ್ಟು ಉದ್ದದ್ದು ಸಾಮಾನ್ಯವಾಗಿ ಉತ್ತಮ ಫಲ ಕೊಡುತ್ತದೆ. ಡಿಜಿಟಲ್ ಪದ್ಧತಿಗಳು ಹಲವಾರು; ಒಂದರ ಭಾಷೆ ಇನ್ನೊಂದಕ್ಕೆ ತಿಳಿಯದು. ಆದುದರಿಂದ ಮೊದಲ ಯಂತ್ರಕ್ಕೆ ಸಾಧಾರಣ ಎಫ್.ಎಂ. ಪದ್ಧತಿಯೇ ಸಾಕು. ಊರಿನ ಹಳೆಯ ಹವ್ಯಾಸಿಗಳು ಏನು ಬಳಸುತ್ತಾರೆಂದು ವಿಚಾರಿಸುವುದು ಜಾಣತನ. ಮಾತನಾಡಬೇಕಾದುದು ಅವರೊಡನೆಯೇ ಅಲ್ಲವೆ?

ವಾಕಿಟಾಕಿಯ ಮಿತಿಯನ್ನೂ ಅರಿತಿರಬೇಕು. 2004ರ ಡಿಸೆಂಬರ್ 26ರ ಸುನಾಮಿಯ ಬಳಿಕ ಅಂಡಮಾನಿನಲ್ಲಿದ್ದ ಹವ್ಯಾಸಿಗಳು ದ್ವೀಪದ ಸುದ್ದಿಯನ್ನು ಹೊರಗಿನವರಿಗೆ ಮುಟ್ಟಿಸಿದರು. ಅಂಥ ದೂರಕ್ಕೆ ಬೇಕಾದುದು ಆಕಾಶದ ಮೇಲ್ಪದರದಲ್ಲಿ ಬಾಗಿ ಹಿಂತಿರುಗುವ ಹ್ರಸ್ವತರಂಗ. ನೆರೆ ಬಂದಾಗ ಊರೊಳಗೆ, ಒಂದು ಬೀದಿಯಿಂದ ಇನ್ನೊಂದಕ್ಕೆ ಮಾತು ಮುಟ್ಟಿಸಲು ಮಾತ್ರ ಅಂಗೈಯ ವಾಕಿಟಾಕಿ ಬಲು ಉಪಕಾರಿ.

ಕೊನೆಯ ಮಾತೊಂದಿದೆ. ಪರವಾನಗಿಯಿಲ್ಲದೆ ಪ್ರಸಾರ ಮಾಡುವುದು ಅಪರಾಧ. ಆದುದರಿಂದ ಗೆಳೆಯರು ಮೊದಲು ಪರೀಕ್ಷೆಗೆ ಓದಲಿ, ಬಳಿಕ ಅಂಗಡಿಗೆ ಹೋಗಲಿ. ಓದಿದವನಿಗೆ ಅಗ್ಗದ ಯಂತ್ರವೂ ದೂರ ಮುಟ್ಟೀತು. ಓದದವನಿಗೆ ದುಬಾರಿಯದೂ ಬರಿಯ ಗೊರಗೊರ ಸದ್ದೇ.