ಅಪ್ಪನೂ ಮಗನೂ ಒಬ್ಬರೇ ನಟರು, ಏಕೆ?

ಪ್ರಶ್ನೆ: ಮಹೇಶ್ ದತ್ತಾನಿಯವರ ‘ಡಾನ್ಸ್ ಲೈಕ್ ಎ ಮ್ಯಾನ್’ ನಾಟಕ ನೋಡಿದೆ. ವಯಸ್ಸಾದ ಜೈರಾಜನ ಪಾತ್ರ ಮಾಡಿದವರೇ ಸ್ವಲ್ಪ ಹೊತ್ತಿನಲ್ಲಿ ಅವನ ಅಪ್ಪನಾಗಿಯೂ ಬಂದರು. ತಂಡದಲ್ಲಿ ನಟರ ಕೊರತೆಯಿತ್ತೇ? ಸ್ವಾತಂತ್ರ್ಯ ಹೋರಾಟಗಾರನಾದ ಆ ಅಪ್ಪ ಮಗನ ನೃತ್ಯಕ್ಕೆ ಅಡ್ಡಿ ಮಾಡುವುದೇಕೆ? – ಓದುಗರು, ಹಲಸೂರು

ಉತ್ತರ: ಒಳ್ಳೆಯದನ್ನೇ ಕೇಳಿದ್ದೀರಿ. ಮೊದಲ ಸಲ ನೋಡುವವರಿಗೆ ಈ ಗೊಂದಲ ಸಹಜ.

ಕೊರತೆಯೇನೂ ಅಲ್ಲ, ನಾಟಕಕಾರರೇ ಹಾಗೆ ಬರೆದಿದ್ದಾರೆ. ಇಡೀ ನಾಟಕಕ್ಕೆ ನಾಲ್ವರು ನಟರು ಸಾಕು. ಜೈರಾಜನ ಮಗಳು ಲತಾಳ ಪಾತ್ರಧಾರಿಯೇ 1940ರ ದಶಕದ ದೃಶ್ಯಗಳಲ್ಲಿ ಅವನ ಹೆಂಡತಿ, ಯುವತಿ ರತ್ನಾ. ಲತಾಳನ್ನು ಮದುವೆಯಾಗಲಿರುವ ವಿಶ್ವಾಸನೇ ಯುವಕ ಜೈರಾಜ್. ವಯಸ್ಸಾದ ಜೈರಾಜನೇ ಅಪ್ಪ ಅಮೃತಲಾಲ್ ಪಾರೇಖ್. ಅಪ್ಪನನ್ನು ಜೀವನವಿಡೀ ದೂರಿದವನು ಕೊನೆಗೆ ಅಪ್ಪನ ಜಾಗದಲ್ಲೇ, ಅದೇ ಮುಖದಲ್ಲಿ ಕಾಣಿಸಿಕೊಳ್ಳುತ್ತಾನೆ. ಇದನ್ನು ಮಾತಿನಲ್ಲಿ ಹೇಳಿಸಿದ್ದರೆ ಉಪದೇಶವಾಗುತ್ತಿತ್ತು. ನನ್ನ ಮಟ್ಟಿಗೆ ನಾಟಕದ ಜೀವ ಇರುವುದು ಇಲ್ಲೇ.

ಇನ್ನು ಅಪ್ಪನ ವಿಚಾರ. ಅವನು ಸಮಾಜ ಸುಧಾರಕನೂ ಹೌದು. ಸುಧಾರಕ ಎಂದರೆ ನೃತ್ಯಕ್ಕೂ ಬೆಂಬಲಿಗನಾಗಿರಬೇಕು ಎಂದು ಇಂದು ನಮಗೆ ತೋರುತ್ತದೆ. ಆ ಕಾಲದ ಲೆಕ್ಕವೇ ಬೇರೆ. ಮೈಸೂರು ಸಂಸ್ಥಾನ 1909ರಲ್ಲೇ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಮದ್ರಾಸಿನಲ್ಲಿ 1947ರಲ್ಲಿ ದೇವದಾಸಿ ಪದ್ಧತಿಯ ವಿರುದ್ಧ ಕಾಯ್ದೆ ಬಂತು. ಪದ್ಧತಿ ಅಳಿಯಬೇಕು ಎನ್ನುತ್ತಿದ್ದ ಅನೇಕರಿಗೆ, ಅದರೊಂದಿಗೆ ಬೆಳೆದ ನೃತ್ಯವೂ ಮರ್ಯಾದಸ್ಥರ ಮನೆಗೆ ಸಲ್ಲದ್ದಾಗಿತ್ತು. ನೃತ್ಯಗಾತಿ ರುಕ್ಮಿಣಿದೇವಿ 1936ರಲ್ಲಿ ಕಲಾಕ್ಷೇತ್ರ ಎಂಬ ನೃತ್ಯಶಾಲೆ ಕಟ್ಟಿದ್ದು ಇಂಥ ವಾತಾವರಣದಲ್ಲೇ. ಸೊಸೆ ರತ್ನಾ ವೃದ್ಧ ದೇವದಾಸಿಯೊಬ್ಬರ ಮನೆಗೆ ಪಾಠಕ್ಕೆ ಹೋಗುವುದು ಅಮೃತಲಾಲನಿಗೆ ಸಹಿಸಲಾಗದು. ಆದರೂ ಸೊಸೆಯ ಕುಣಿತವನ್ನಾದರೂ ಅವನು ಒಪ್ಪಿಯಾನು, ಮಗನದನ್ನಲ್ಲ: ಗಂಡಸು ಗೆಜ್ಜೆ ಕಟ್ಟುವುದು ಅವನಿಗೆ ಅವಮಾನ. ಅದಕ್ಕೇ ಸೊಸೆಯ ಜೊತೆ ಒಳಒಪ್ಪಂದ ಮಾಡಿಕೊಳ್ಳುತ್ತಾನೆ. ನೀನು ಕುಣಿ, ಆದರೆ ಅವನನ್ನು ‘ಗಂಡಸು’ ಮಾಡಲು ನನಗೆ ನೆರವಾಗು ಎಂದು. ಸಭೆಯಲ್ಲಿ ಉದಾರಿ, ಹಜಾರದಲ್ಲಿ ಯಜಮಾನ.

ಇದೆಲ್ಲ ನಮ್ಮ ಊರಿನ ಒಡಲಿನಿಂದಲೇ ಬಂದದ್ದು. ಬೆಂಗಳೂರಿನ ಗುಜರಾತಿ ಕುಟುಂಬದ ದತ್ತಾನಿ ಓದಿದ್ದು ದಂಡುಪ್ರದೇಶದ ಬಾಲ್ಡ್‌ವಿನ್ ಶಾಲೆಯಲ್ಲಿ. ಪಾಶ್ಚಾತ್ಯ ಬ್ಯಾಲೆಯನ್ನು ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲೂ, ಭರತನಾಟ್ಯವನ್ನು ಯು.ಎಸ್. ಕೃಷ್ಣರಾವ್ ಮತ್ತು ಚಂದ್ರಭಾಗಾದೇವಿ ದಂಪತಿಯಲ್ಲೂ ಕಲಿತರು. ಕೃಷ್ಣರಾವ್ ಸೆಂಟ್ರಲ್ ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟ್ರಾಗಿದ್ದವರು. ನೃತ್ಯಗುರು ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೆಯವರ ಶಿಷ್ಯರು. ಅಂದರೆ ಕುಣಿಯುವ ಗಂಡಸಿನ ಪಾಡನ್ನು ದತ್ತಾನಿ ಹೊರಗೆ ನಿಂತು ಊಹಿಸಿದ್ದಲ್ಲ. ಹಾಗೆಂದು ನಾಟಕದ ದಂಪತಿಯಲ್ಲಿ ಈ ಗುರುಗಳನ್ನು ಹುಡುಕಬೇಡಿ. ಇವರು ಜೋಡಿಯಾಗಿಯೇ ಕುಣಿದು ಹೆಸರಾದವರು. ಜೈರಾಜನಿಗೆ ಆ ಭಾಗ್ಯ ದಕ್ಕಲಿಲ್ಲ.

ನಾಟಕ ಮೊದಲು ರಂಗಕ್ಕೆ ಬಂದದ್ದು 1989ರಲ್ಲಿ, ಚೌಡಯ್ಯ ಸ್ಮಾರಕ ಭವನದಲ್ಲಿ. ಪಮೇಲಾ ರುಕ್ಸ್ 2004ರಲ್ಲಿ ಸಿನಿಮಾ ಮಾಡಿದರು. ಸಿಕ್ಕರೆ ನೋಡಿ. ಅದರಲ್ಲಿ ಜೈರಾಜ್ ಆರಿಫ್ ಜಕಾರಿಯಾ, ಅಪ್ಪ ಮೋಹನ್ ಆಗಾಶೆ. ಇಬ್ಬರು ಬೇರೆಬೇರೆ ನಟರಾದ್ದರಿಂದ ಕಥೆ ಸಲೀಸಾಗಿ ತಿಳಿಯುತ್ತದೆ. ನಿಮ್ಮನ್ನು ರಂಗದಲ್ಲಿ ತಬ್ಬಿಬ್ಬಾಗಿಸಿದ ಆ ಒಂದು ಅಂಶ ಮಾತ್ರ ಅಲ್ಲಿ ಸಿಗುವುದಿಲ್ಲ.