ಊರಿನ ಸರ್ಕಾರಿ ಶಾಲೆ: ಆಡಳಿತ ಯಾರದು, ಹಣ ಎಲ್ಲಿಯದು, ಶಿಕ್ಷಕರು ಯಾರಿಂದ?

ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನ ಪಾಠ

ಗ್ರಾಮ ಸಭೆಯಲ್ಲಿ ಶಾಲೆಯ ವಿಷಯ ಬಂದಾಗ ಸಾಮಾನ್ಯವಾಗಿ ಕೇಳಿಬರುವ ಪ್ರಶ್ನೆಗಳು ಮೂರು. ಐದು ತರಗತಿಗಳಿಗೆ ಇಬ್ಬರೇ ಶಿಕ್ಷಕರು ಏಕೆ? ಸೋರುವ ಕೊಠಡಿಯನ್ನು ಯಾರು ದುರಸ್ತಿ ಮಾಡಿಸಬೇಕು? ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು ಯಾವಾಗ ಬರುತ್ತದೆ? ಈ ಮೂರಕ್ಕೂ ಸದಸ್ಯರಿಂದ ಬರುವ ಉತ್ತರ ಬಹುಮಟ್ಟಿಗೆ ಒಂದೇ: ‘ಅದು ಶಿಕ್ಷಣ ಇಲಾಖೆಗೆ ಸೇರಿದ್ದು’. ಈ ಉತ್ತರ ಅರ್ಧ ಸರಿ. ಉಳಿದ ಅರ್ಧ ಏನೆಂಬುದನ್ನು ತಿಳಿಸುವುದೇ ಈ ಪಾಠದ ಉದ್ದೇಶ.

ಅಮೆರಿಕದ ಅನೇಕ ರಾಜ್ಯಗಳಲ್ಲಿ ಶಾಲಾ ಜಿಲ್ಲೆ ಎಂಬ ಪ್ರತ್ಯೇಕ ಸ್ಥಳೀಯ ಸಂಸ್ಥೆ ಇರುತ್ತದೆ. ಜನರು ಅದರ ಮಂಡಳಿಯನ್ನು ಚುನಾಯಿಸುತ್ತಾರೆ. ಶಾಲೆಯ ವೆಚ್ಚದ ದೊಡ್ಡ ಭಾಗ ಆಸ್ತಿ ತೆರಿಗೆಯಿಂದ ಬರುತ್ತದೆ. ಶಿಕ್ಷಕರನ್ನು ನೇಮಿಸುವುದೂ ಆ ಸಂಸ್ಥೆಯೇ. ನಮ್ಮಲ್ಲಿ ಈ ಮೂರು ಅಧಿಕಾರಗಳು ಒಂದೇ ಕೈಯಲ್ಲಿಲ್ಲ. ಶಿಕ್ಷಕರ ನೇಮಕಾತಿ ಮತ್ತು ವೇತನ ರಾಜ್ಯ ಸರ್ಕಾರದ್ದು, ಯೋಜನಾ ಅನುದಾನ ಕೇಂದ್ರ ಮತ್ತು ರಾಜ್ಯಗಳೆರಡರದ್ದು, ಶಾಲೆಯ ಉಸ್ತುವಾರಿ ಪೋಷಕರ ಸಮಿತಿಯದ್ದು, ಊರಿನ ಮಕ್ಕಳ ಲೆಕ್ಕ ಮತ್ತು ನಾಗರಿಕ ಸೌಕರ್ಯ ಸ್ಥಳೀಯ ಸಂಸ್ಥೆಯದ್ದು. ಹೀಗೆ ಹಂಚಿಹೋಗಿರುವ ಕಾರಣದಿಂದಲೇ ಯಾವ ಅರ್ಜಿ ಯಾವ ಬಾಗಿಲಿಗೆ ಹೋಗಬೇಕೆಂಬುದನ್ನು ಸದಸ್ಯರು ತಿಳಿದಿರಬೇಕಾಗುತ್ತದೆ.

1. ಆಡಳಿತದ ಹಂತಗಳು

ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕರು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೂ, ಅವರು ಜಿಲ್ಲೆಯ ಉಪನಿರ್ದೇಶಕರಿಗೂ, ಉಪನಿರ್ದೇಶಕರು ಶಾಲಾ ಶಿಕ್ಷಣ ಇಲಾಖೆಯ ಆಯುಕ್ತರಿಗೂ ಉತ್ತರದಾಯಿಗಳು. ಹತ್ತಿರದ ಕೆಲವು ಶಾಲೆಗಳನ್ನು ಸೇರಿಸಿ ಮಾಡಿದ ಸಮೂಹಕ್ಕೆ ಒಬ್ಬ ಸಮೂಹ ಸಂಪನ್ಮೂಲ ವ್ಯಕ್ತಿ ಇರುತ್ತಾರೆ. ಪಂಚಾಯಿತಿಗೆ ಮೊದಲು ಸಿಗುವ ಇಲಾಖೆಯ ಪ್ರತಿನಿಧಿ ಇವರೇ.

ಬೆಂಗಳೂರು ನಗರ ಜಿಲ್ಲೆಯಲ್ಲಿ ಶಿಕ್ಷಣ ಇಲಾಖೆಯು ಬೆಂಗಳೂರು ಉತ್ತರ ಮತ್ತು ಬೆಂಗಳೂರು ದಕ್ಷಿಣ ಎಂಬ ಎರಡು ಶೈಕ್ಷಣಿಕ ಜಿಲ್ಲೆಗಳನ್ನು ಮಾಡಿಕೊಂಡಿದೆ. ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟ ಮೇಲೆ ಗೊಂದಲಕ್ಕೆ ಅವಕಾಶವಾಗಿದೆ. ಆ ಕಂದಾಯ ಜಿಲ್ಲೆ ಬೇರೆ, ಈ ಶೈಕ್ಷಣಿಕ ಜಿಲ್ಲೆ ಬೇರೆ. ಪತ್ರ ವ್ಯವಹಾರದಲ್ಲಿ ವಿಳಾಸವನ್ನು ಪೂರ್ತಿಯಾಗಿ ಬರೆಯುವುದು ಒಳಿತು.

ಇನ್ನೊಂದು ಗಡಿಯೂ ಇದೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳು ನಗರ ಪಾಲಿಕೆಯ ವ್ಯಾಪ್ತಿಯವು. ಅಲ್ಲಿ ಪಾಲಿಕೆಯೇ ನಡೆಸುವ ಕೆಲವು ಶಾಲೆಗಳಿದ್ದರೂ ಹೆಚ್ಚಿನ ಸರ್ಕಾರಿ ಶಾಲೆಗಳು ಇಲಾಖೆಯ ಕೆಳಗೇ ಇವೆ. ಪುರಸಭೆಯಾಗಿದ್ದ ಕೆಂಗೇರಿ ಪಟ್ಟಣವು 2007ರಲ್ಲಿ ಮಹಾನಗರ ಪಾಲಿಕೆಗೆ ಸೇರಿತು. ಅದರಾಚೆಯ ರಾಮೋಹಳ್ಳಿ, ಸೂಲಿಕೆರೆ, ಕುಂಬಳಗೋಡು ಮೊದಲಾದವು ಗ್ರಾಮ ಪಂಚಾಯಿತಿಗಳಾಗಿ ಉಳಿದವು. ರಸ್ತೆಯ ಈಚೆಗಿನ ಮಗುವಿಗೆ ಪಾಲಿಕೆ, ಆಚೆಗಿನ ಮಗುವಿಗೆ ಪಂಚಾಯಿತಿ ಸ್ಥಳೀಯ ಪ್ರಾಧಿಕಾರ. ಮಗು ಮಾತ್ರ ಹತ್ತಿರದ ಶಾಲೆಗೆ ನಡೆದುಹೋಗುತ್ತದೆ.

2. ಕಾನೂನು ಪಂಚಾಯಿತಿಗೆ ಒಪ್ಪಿಸಿರುವ ಕೆಲಸ

ಸಂವಿಧಾನದ 73ನೇ ತಿದ್ದುಪಡಿಯಿಂದ ಸೇರಿದ 11ನೇ ಅನುಸೂಚಿಯ 17ನೇ ವಿಷಯವೇ ಪ್ರಾಥಮಿಕ ಮತ್ತು ಪ್ರೌಢ ಶಾಲೆಗಳನ್ನೊಳಗೊಂಡ ಶಿಕ್ಷಣ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993 ಈ ಹೊಣೆಯನ್ನು ಮೂರು ಹಂತಗಳಿಗೆ ಹಂಚುತ್ತದೆ. ಜಿಲ್ಲಾ ಪಂಚಾಯಿತಿಗೆ ಶಾಲೆಗಳ ಸ್ಥಾಪನೆ ಮತ್ತು ನಿರ್ವಹಣೆ, ತಾಲ್ಲೂಕು ಪಂಚಾಯಿತಿಗೆ ಪ್ರಾಥಮಿಕ ಶಾಲಾ ಕಟ್ಟಡಗಳ ನಿರ್ಮಾಣ ಮತ್ತು ದುರಸ್ತಿ, ಗ್ರಾಮ ಪಂಚಾಯಿತಿಗೆ ಪೂರ್ಣ ದಾಖಲಾತಿ ಮತ್ತು ಹಾಜರಾತಿಯನ್ನು ಖಾತರಿಪಡಿಸುವುದು ಹಾಗೂ ಶಿಕ್ಷಣದಲ್ಲಿ ಜನರ ಪಾಲ್ಗೊಳ್ಳುವಿಕೆಯನ್ನು ಬೆಳೆಸುವುದು. ಪಂಚಾಯಿತಿಯೊಳಗೆ ಶಿಕ್ಷಣದ ವಿಷಯ ಸೌಕರ್ಯ ಸಮಿತಿಯ ಪಾಲಿನದು.

ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಚುನಾಯಿತ ಅವಧಿ 2021ರಲ್ಲಿ ಮುಗಿದು ಅಲ್ಲಿ ಆಡಳಿತಾಧಿಕಾರಿಗಳು ಕಾರ್ಯ ನಿರ್ವಹಿಸುವಂತಾಯಿತು. ಇಂತಹ ಅವಧಿಯಲ್ಲಿ ಶಾಲೆಯ ಅಹವಾಲನ್ನು ಮೇಲಕ್ಕೆ ಕೊಂಡೊಯ್ಯುವ ಗ್ರಾಮ ಪಂಚಾಯಿತಿ ಸದಸ್ಯರ ಹೊಣೆ ಮತ್ತಷ್ಟು ಹೆಚ್ಚುತ್ತದೆ.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಅಧಿನಿಯಮ, 2009ರ 9ನೇ ಪ್ರಕರಣವು ಸ್ಥಳೀಯ ಪ್ರಾಧಿಕಾರದ ಕರ್ತವ್ಯಗಳನ್ನು ಪಟ್ಟಿ ಮಾಡುತ್ತದೆ. ಅವುಗಳಲ್ಲಿ ಎರಡನ್ನು ನೆನಪಿಡಬೇಕು: ತನ್ನ ವ್ಯಾಪ್ತಿಯಲ್ಲಿ ವಾಸಿಸುವ 14 ವರ್ಷದವರೆಗಿನ ಎಲ್ಲ ಮಕ್ಕಳ ದಾಖಲೆ ಇಡುವುದು ಮತ್ತು ವಲಸೆ ಕುಟುಂಬಗಳ ಮಕ್ಕಳ ದಾಖಲಾತಿಯನ್ನು ಖಾತರಿಪಡಿಸುವುದು. 32ನೇ ಪ್ರಕರಣದಂತೆ ಮಗುವಿನ ಹಕ್ಕಿನ ಬಗ್ಗೆ ಯಾರೇ ಆದರೂ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು. ದೂರನ್ನು 3 ತಿಂಗಳೊಳಗೆ ತೀರ್ಮಾನಿಸಬೇಕು. ಮೇಲ್ಮನವಿಯು ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಹೋಗುತ್ತದೆ.

3. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ

ಡಾ. ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನಂತೆ ರಾಜ್ಯ ಸರ್ಕಾರವು 2001ರ ಏಪ್ರಿಲ್ 28ರ ಆದೇಶದ ಮೂಲಕ ಎಸ್‌ಡಿಎಂಸಿಗಳನ್ನು ರಚಿಸಿತು. 2006ರ ಮಾದರಿ ಉಪವಿಧಿಗಳು ಅವುಗಳನ್ನು ಪಂಚಾಯತ್ ರಾಜ್ ವ್ಯವಸ್ಥೆಯೊಡನೆ ಜೋಡಿಸಿದವು. ಶಿಕ್ಷಣ ಹಕ್ಕು ಅಧಿನಿಯಮದಂತೆ ಸಮಿತಿಯ ನಾಲ್ಕನೇ ಮೂರು ಭಾಗ ಪೋಷಕರಿರಬೇಕು; ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಶಾಲಾ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸುವುದು ಮತ್ತು ಅನುದಾನದ ಬಳಕೆಯನ್ನು ಗಮನಿಸುವುದು ಅದರ ಮುಖ್ಯ ಕೆಲಸ.

ಎಸ್‌ಡಿಎಂಸಿಯು ಪೋಷಕರ ವೇದಿಕೆ. ಪಂಚಾಯಿತಿ ಸದಸ್ಯರು ಅಲ್ಲಿ ಮುಖಂಡರಂತೆ ವರ್ತಿಸದೆ ಸೇತುವೆಯಂತೆ ಇರಬೇಕು. ಸಮಿತಿಯಲ್ಲಿ ಸಿದ್ಧವಾದ ಯೋಜನೆ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯ ಪುಸ್ತಕದೊಳಗೆ ಬಾರದಿದ್ದರೆ ಅದು ಮುಖ್ಯ ಶಿಕ್ಷಕರ ಬೀರುವಿನಲ್ಲೇ ಉಳಿಯುತ್ತದೆ. ಅದನ್ನು ಅಲ್ಲಿಂದ ಇಲ್ಲಿಗೆ ತರುವುದು ವಾರ್ಡಿನ ಸದಸ್ಯರ ಕೆಲಸ.

4. ಹಣದ ದಾರಿಗಳು

ಅತಿ ದೊಡ್ಡ ವೆಚ್ಚವಾದ ಶಿಕ್ಷಕರ ವೇತನವನ್ನು ರಾಜ್ಯ ಸರ್ಕಾರ ಖಜಾನೆಯ ಮೂಲಕ ಭರಿಸುತ್ತದೆ. ಇದರಲ್ಲಿ ಗ್ರಾಮ ಪಂಚಾಯಿತಿಗೆ ಪಾತ್ರವಿಲ್ಲ.

ಎರಡನೆಯದು 2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಣ ಯೋಜನೆ. ಕರ್ನಾಟಕಕ್ಕೆ ಇದರ ವೆಚ್ಚ ಹಂಚಿಕೆ ಕೇಂದ್ರ 60, ರಾಜ್ಯ 40ರ ಅನುಪಾತದಲ್ಲಿದೆ. ಇದರ ಶಾಲಾ ಅನುದಾನ ಮಕ್ಕಳ ಸಂಖ್ಯೆಯನ್ನು ಅವಲಂಬಿಸಿದೆ. ಯೋಜನೆಯ ಮಾನದಂಡದಂತೆ 30 ಮಕ್ಕಳವರೆಗೆ ವರ್ಷಕ್ಕೆ 10,000 ರೂ., 31ರಿಂದ 100ರವರೆಗೆ 25,000 ರೂ., 101ರಿಂದ 250ರವರೆಗೆ 50,000 ರೂ., 251ರಿಂದ 1,000ದವರೆಗೆ 75,000 ರೂ., ಅದಕ್ಕೂ ಮೇಲ್ಪಟ್ಟರೆ 1 ಲಕ್ಷ ರೂ. ಇದರಲ್ಲಿ ಕನಿಷ್ಠ ಶೇ. 10ರಷ್ಟನ್ನು ಸ್ವಚ್ಛತೆಗೆ ಬಳಸಬೇಕು.

ಮೂರನೆಯದು ಬಿಸಿಯೂಟ. ಅಕ್ಷರ ದಾಸೋಹವು 2002ರ ಜೂನ್‌ನಲ್ಲಿ ರಾಜ್ಯದ ಈಶಾನ್ಯ ಭಾಗದ 7 ಜಿಲ್ಲೆಗಳಲ್ಲಿ ಆರಂಭವಾಗಿ ಮರುವರ್ಷ ಉಳಿದ ಜಿಲ್ಲೆಗಳಿಗೆ ವಿಸ್ತರಿಸಿತು. 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯ ಸೇರಿತು. ಇದಕ್ಕೂ ಕೇಂದ್ರ ಮತ್ತು ರಾಜ್ಯಗಳೆರಡೂ ಹಣ ನೀಡುತ್ತವೆ.

ನಾಲ್ಕನೆಯದು ಪಂಚಾಯಿತಿಯ ಕೈಯಲ್ಲಿರುವ ಹಣ. 15ನೇ ಹಣಕಾಸು ಆಯೋಗವು 2021ರಿಂದ 2026ರವರೆಗಿನ ಅವಧಿಗೆ ಶೇ. 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ನಿರ್ಬಂಧಿಸಿತು. ಮಳೆನೀರು ಸಂಗ್ರಹವೂ ಇದರೊಳಗೆ ಬರುತ್ತದೆ. ಉಳಿದ ಶೇ. 40ನ್ನು 11ನೇ ಅನುಸೂಚಿಯ ಯಾವುದೇ ವಿಷಯಕ್ಕೆ, ಸ್ಥಳೀಯ ಅಗತ್ಯಕ್ಕೆ ತಕ್ಕಂತೆ ಬಳಸಬಹುದು. ಆದರೆ ವೇತನ ಮತ್ತು ಸಿಬ್ಬಂದಿ ವೆಚ್ಚಕ್ಕೆ ಬಳಸುವಂತಿಲ್ಲ. ಆದ್ದರಿಂದ ‘ಈ ಹಣದಿಂದ ಒಬ್ಬ ಶಿಕ್ಷಕರನ್ನು ಇಟ್ಟುಕೊಳ್ಳೋಣ’ ಎಂಬ ಠರಾವು ನಿಲ್ಲುವುದಿಲ್ಲ. ಕಿಟಕಿ, ನೆಲ, ವಿದ್ಯುತ್ ಜೋಡಣೆಯಂತಹ ಕೆಲಸಗಳ ಠರಾವಿಗೆ ಅವಕಾಶವಿದೆ. ಶಾಲಾ ಆವರಣ ಗೋಡೆ, ಆಟದ ಮೈದಾನ, ಅಡುಗೆ ಕೋಣೆಗಳನ್ನು ರಾಜ್ಯದ ಅನೇಕ ಪಂಚಾಯಿತಿಗಳು ಉದ್ಯೋಗ ಖಾತರಿಯಡಿ ನಿರ್ಮಿಸಿವೆ.

5. ಶಿಕ್ಷಕರ ಹುದ್ದೆ ನಿಂತಿರುವುದು ಮಕ್ಕಳ ಲೆಕ್ಕದ ಮೇಲೆ

ಶಿಕ್ಷಕರ ನೇಮಕಾತಿ ಅರ್ಹತಾ ಪರೀಕ್ಷೆ ಮತ್ತು ಸ್ಪರ್ಧಾತ್ಮಕ ಪರೀಕ್ಷೆಯ ಮೂಲಕ ಇಲಾಖೆಯಿಂದ ನಡೆಯುತ್ತದೆ. 6ರಿಂದ 8ನೇ ತರಗತಿಗಳ ಪದವೀಧರ ಶಿಕ್ಷಕರ 15,000 ಹುದ್ದೆಗಳಿಗೆ 2022ರಲ್ಲಿ ಪರೀಕ್ಷೆ ನಡೆಯಿತು. ವರ್ಗಾವಣೆಗೆ 2020ರ ಪ್ರತ್ಯೇಕ ಕಾಯ್ದೆ ಇದೆ. ಖಾಲಿ ಹುದ್ದೆಗೆ ತಾತ್ಕಾಲಿಕವಾಗಿ ಅತಿಥಿ ಶಿಕ್ಷಕರನ್ನು ಪಡೆಯಲಾಗುತ್ತದೆ. ಇವ್ಯಾವುವೂ ಪಂಚಾಯಿತಿಯ ಅಧಿಕಾರವಲ್ಲ. ಆದರೆ ಒಂದು ಶಾಲೆಗೆ ಎಷ್ಟು ಹುದ್ದೆ ಎಂಬುದು ದಾಖಲಾದ ಮಕ್ಕಳ ಸಂಖ್ಯೆಯಿಂದ ನಿರ್ಧಾರವಾಗುತ್ತದೆ. ಪಂಚಾಯಿತಿಯ ಕರ್ತವ್ಯ ಇಲ್ಲಿ ನೇರವಾಗಿ ಶಿಕ್ಷಕರ ಸಂಖ್ಯೆಯನ್ನು ಮುಟ್ಟುತ್ತದೆ.

ಶಿಕ್ಷಣ ಹಕ್ಕು ಅಧಿನಿಯಮದ ಅನುಸೂಚಿಯಂತೆ 1ರಿಂದ 5ನೇ ತರಗತಿಗಳಲ್ಲಿ 60 ಮಕ್ಕಳವರೆಗೆ 2, 61ರಿಂದ 90ರವರೆಗೆ 3, 91ರಿಂದ 120ರವರೆಗೆ 4 ಶಿಕ್ಷಕರಿರಬೇಕು. 6ರಿಂದ 8ರಲ್ಲಿ ಪ್ರತಿ 35 ಮಕ್ಕಳಿಗೆ ಕನಿಷ್ಠ ಒಬ್ಬರು.

ಲೆಕ್ಕವನ್ನು ಉದಾಹರಣೆಯಿಂದ ನೋಡಬಹುದು. ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ 58 ಮಕ್ಕಳಿದ್ದಾರೆ ಎನ್ನೋಣ. ನಿಯಮದಂತೆ 2 ಹುದ್ದೆ. ಅದೇ ಊರಿನ ಕಟ್ಟಡ ಕಾಮಗಾರಿಯ ಶೆಡ್ಡುಗಳಲ್ಲಿ ಯಾದಗಿರಿ, ರಾಯಚೂರು ಕಡೆಯಿಂದ ಬಂದ ಕುಟುಂಬಗಳ 3 ಮಕ್ಕಳು ಶಾಲೆಯ ಹೊರಗಿದ್ದಾರೆ. ಅವರು ದಾಖಲಾದರೆ ಸಂಖ್ಯೆ 61. ನಿಯಮದ ಪ್ರಕಾರ ಮೂರನೆಯ ಶಿಕ್ಷಕರ ಬೇಡಿಕೆಗೆ ಆಧಾರ ಸಿಗುತ್ತದೆ. ಇನ್ನೊಂದು ಶಾಲೆಯಲ್ಲಿ 29 ಮಕ್ಕಳಿದ್ದಾರೆ ಎನ್ನೋಣ. ಇಬ್ಬರು ಸೇರಿದರೆ ಶಾಲಾ ಅನುದಾನದ ಮಾನದಂಡ 10,000ದಿಂದ 25,000 ರೂಪಾಯಿಗೆ ಏರುತ್ತದೆ. ಇದಕ್ಕೆ ವಿರುದ್ಧವಾಗಿ, ಮಕ್ಕಳು ಕಡಿಮೆಯಾದಾಗ ಶಿಕ್ಷಕರು ‘ಹೆಚ್ಚುವರಿ’ ಎಂದು ಗುರುತಾಗಿ ಬೇರೆ ಶಾಲೆಗೆ ಹೋಗುತ್ತಾರೆ. ಶಿಕ್ಷಕರು ಹೋದರೆಂದು ಪೋಷಕರು ಮಕ್ಕಳನ್ನು ಖಾಸಗಿ ಶಾಲೆಯ ವ್ಯಾನಿಗೆ ಹತ್ತಿಸುತ್ತಾರೆ. ಸಂಖ್ಯೆ ಮತ್ತೂ ಕುಸಿಯುತ್ತದೆ. ನಗರದ ಅಂಚಿನ ಹಳ್ಳಿಗಳಲ್ಲಿ ಸಣ್ಣ ಶಾಲೆಗಳು ಸೊರಗುವ ಬಗೆ ಇದು.

ಶೆಡ್ಡಿನ ಮಕ್ಕಳನ್ನು ಸೇರಿಸಿಕೊಳ್ಳಲು ‘ವರ್ಗಾವಣೆ ಪತ್ರವಿಲ್ಲ’, ‘ಜನನ ದಾಖಲೆಯಿಲ್ಲ’, ‘ಜೂನ್ ಕಳೆಯಿತು’ ಎಂಬ ಕಾರಣಗಳು ಕೇಳಿಬರುವುದುಂಟು. ಈ ಮೂರನ್ನೂ ಕಾನೂನು ಒಪ್ಪುವುದಿಲ್ಲ. 5, 14 ಮತ್ತು 15ನೇ ಪ್ರಕರಣಗಳಂತೆ ಈ ಕಾರಣಗಳಿಗಾಗಿ ಪ್ರವೇಶ ನಿರಾಕರಿಸುವಂತಿಲ್ಲ. ಓದು ನಡುವೆ ನಿಂತ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ನೀಡಬೇಕೆಂದು 4ನೇ ಪ್ರಕರಣ ಹೇಳುತ್ತದೆ.

ಇದ್ದ ಶಿಕ್ಷಕರನ್ನು ತರಗತಿಯಲ್ಲೇ ಉಳಿಸುವುದೂ ಅಷ್ಟೇ ಮುಖ್ಯ. 27ನೇ ಪ್ರಕರಣದಂತೆ ದಶಕದ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ನಿಯೋಜಿಸುವಂತಿಲ್ಲ. ಪಂಚಾಯಿತಿಯೂ ತನ್ನ ಸಮೀಕ್ಷೆಗಳಿಗೆ ಅವರನ್ನು ಕರೆಯಬಾರದು.

6. ವರ್ಷದ ಕಾರ್ಯಕ್ರಮ

ಏಪ್ರಿಲ್–ಮೇ: ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರ ನೆರವಿನಿಂದ ಮನೆ, ಶೆಡ್ಡು, ಇಟ್ಟಿಗೆ ಗೂಡು, ತೋಟದ ಮನೆ ಬಿಡದಂತೆ ಮಕ್ಕಳ ಪಟ್ಟಿ ಮಾಡುವುದು.

ಜೂನ್: ಪಟ್ಟಿಯನ್ನು ಶಾಲೆಯ ಎಸ್‌ಎಟಿಎಸ್ ದಾಖಲೆಯೊಡನೆ ಹೋಲಿಸಿ, ಹೆಸರು ಬಿಟ್ಟುಹೋದ ಮಕ್ಕಳನ್ನು ಸೇರಿಸುವುದು. ಖಾಲಿ ಹುದ್ದೆಗಳಿಗೆ ಅತಿಥಿ ಶಿಕ್ಷಕರ ಕೋರಿಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ತಲುಪಿದೆಯೇ ಎಂದು ವಿಚಾರಿಸುವುದು.

ಜುಲೈ–ಸೆಪ್ಟೆಂಬರ್: ಎಸ್‌ಡಿಎಂಸಿಯಿಂದ ಶಾಲಾ ಅಭಿವೃದ್ಧಿ ಯೋಜನೆ ಪಡೆಯುವುದು. ಶಾಲೆಯ ಜಾಗದ ಅಳತೆ, ಗಡಿ ಮತ್ತು ಇ-ಸ್ವತ್ತು ದಾಖಲೆ ಪರಿಶೀಲಿಸುವುದು. ನಿವೇಶನದ ಬೆಲೆ ಏರುತ್ತಿರುವ ಊರುಗಳಲ್ಲಿ ಇದನ್ನು ಮುಂದೂಡಬಾರದು.

ಅಕ್ಟೋಬರ್ 2ರಿಂದ: ಅಭಿವೃದ್ಧಿ ಯೋಜನೆಯ ಸಭೆಗಳಲ್ಲಿ ಶಾಲೆಯ ಬೇಡಿಕೆಗಳನ್ನು ಸೇರಿಸುವುದು. ಮಕ್ಕಳ ಗ್ರಾಮ ಸಭೆಯಲ್ಲಿ ಬಂದ ಪ್ರತಿ ಪ್ರಶ್ನೆಗೂ ಮುಂದಿನ ಸಭೆಯೊಳಗೆ ಲಿಖಿತ ಉತ್ತರ ನೀಡುವುದು.

ಸಾಮಾನ್ಯ ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

1. ನಮ್ಮ ಪಂಚಾಯಿತಿಯಲ್ಲಿ 6ರಿಂದ 14 ವರ್ಷದ ಮಕ್ಕಳೆಷ್ಟು? ಅವರಲ್ಲಿ ಶಾಲೆಯ ಹೊರಗಿರುವವರೆಷ್ಟು? ಆ ಪಟ್ಟಿ ಇಂದು ಪಂಚಾಯಿತಿ ಕಚೇರಿಯಲ್ಲಿದೆಯೇ?

2. ಪ್ರತಿ ಶಾಲೆಯಲ್ಲಿ ನಿಯಮದಂತೆ ಇರಬೇಕಾದ ಶಿಕ್ಷಕರೆಷ್ಟು, ಇರುವವರೆಷ್ಟು?

3. ಕಳೆದ ವರ್ಷದ ಅಭಿವೃದ್ಧಿ ಯೋಜನೆಯಲ್ಲಿ ಶಾಲೆಗಳಿಗಾಗಿ ಸೇರಿಸಿದ ಕಾಮಗಾರಿಗಳು ಯಾವುವು? ಮುಗಿದವು ಯಾವುವು?

4. ಹೆಣ್ಣುಮಕ್ಕಳ ಶೌಚಾಲಯಕ್ಕೆ ದಿನವೂ ನೀರು ಬರುತ್ತಿದೆಯೇ? ಸದಸ್ಯರಲ್ಲಿ ಯಾರು, ಯಾವ ದಿನ ಹೋಗಿ ನೋಡಿದ್ದಾರೆ?

ಈ ನಾಲ್ಕಕ್ಕೂ ದೊರೆತ ಉತ್ತರಗಳನ್ನು ನಡಾವಳಿ ಪುಸ್ತಕದಲ್ಲಿ ದಾಖಲಿಸಿ, ಒಂದು ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಕಳುಹಿಸುವುದು ಸೂಕ್ತ. ‘ಶಿಕ್ಷಕರು ಬೇಕು’ ಎಂಬ ಮನವಿಯೊಡನೆ ಮಕ್ಕಳ ಹೆಸರು, ವಯಸ್ಸು, ತರಗತಿಯ ಪಟ್ಟಿಯೂ ಇದ್ದಾಗ ಅದಕ್ಕೆ ಕಾನೂನಿನ ಬಲ ಬರುತ್ತದೆ. ಆ ಪಟ್ಟಿಯನ್ನು ಸಿದ್ಧಪಡಿಸುವ ಕರ್ತವ್ಯ ಗ್ರಾಮ ಪಂಚಾಯಿತಿಯದು.