ಸೈನ್ ನಕ್ಷೆಯ ಕೋಷ್ಟಕ: ಒಳಗಿನ ಕೋನದಿಂದ ಆರಂಭಿಸಿದಾಗ

ಪ್ರೌಢಶಾಲೆಯಲ್ಲಿ ರೇಖಾತ್ಮಕ ಸಮೀಕರಣಗಳ ನಕ್ಷೆ ಎಳೆಯುವಾಗ ವಿದ್ಯಾರ್ಥಿಗಳಿಗೆ ಒಂದು ಅಭ್ಯಾಸ ಬೆಳೆದಿರುತ್ತದೆ. ಕೋಷ್ಟಕದ ಮೊದಲ ಸಾಲಿನಲ್ಲಿ ಎಕ್ಸ್‌ಗೆ 0, 1, 2 ಎಂದು ಸುಲಭವೆನಿಸಿದ ಬೆಲೆ ಬರೆಯುವುದು, ಕೆಳಗೆ ವೈ ಬೆಲೆ ತುಂಬುವುದು, ಬಿಂದುಗಳನ್ನು ಗುರುತಿಸಿ ಸ್ಕೇಲಿನಿಂದ ಸೇರಿಸುವುದು. ಸರಳರೇಖೆಗೆ ಇಷ್ಟು ಸಾಕು. ಯಾವ ಎರಡು ಬಿಂದು ತೆಗೆದುಕೊಂಡರೂ ಬರುವುದು ಅದೇ ರೇಖೆ. ಪ್ರಥಮ ಪಿಯುಸಿಯಲ್ಲಿ ಸೈನ್ ಫಲನದ ನಕ್ಷೆಗೆ ಬಂದಾಗಲೂ ಅವರು ಇದೇ ಅಭ್ಯಾಸವನ್ನು ಹೊತ್ತು ತರುತ್ತಾರೆ. ಇಲ್ಲಿ ಅದು ಕೈಕೊಡುತ್ತದೆ.

ಅಭ್ಯಾಸ ಬೋಧನೆಯಲ್ಲಿ ನನಗೆ ಈ ಭಾಗಕ್ಕೆ ಮೂರು ತರಗತಿಗಳು ಸಿಕ್ಕಿದ್ದವು. ಪಠ್ಯಪುಸ್ತಕ ರೇಡಿಯನ್ ಬಳಸುತ್ತದೆ. ನಾನು ಮೊದಲೆರಡು ತರಗತಿಗಳಲ್ಲಿ ಡಿಗ್ರಿಯಲ್ಲೇ ನಡೆಸಿದೆ. ಭಿನ್ನರಾಶಿ ಮತ್ತು ಪೈ ಜೊತೆಗಿನ ಗುದ್ದಾಟದಲ್ಲಿ ನಕ್ಷೆಯ ವಿಷಯವೇ ಮರೆಯಾಗಬಾರದು ಎಂಬುದು ಉದ್ದೇಶ.

ವೈ = ಸೈನ್ ಎಕ್ಸ್ ನಕ್ಷೆಯನ್ನು 0, 90, 180, 270, 360 ಡಿಗ್ರಿಗಳ ಐದು ಬಿಂದುಗಳಿಂದ ಎಳೆದಾದ ಮೇಲೆ, ಪಾಠ ಯೋಜನೆಯಂತೆ ವೈ = ಸೈನ್ 3ಎಕ್ಸ್ ಕೊಟ್ಟು ಸುಮ್ಮನಿದ್ದೆ. ಎಕ್ಸ್‌ಗೆ ಯಾವ ಬೆಲೆ ಎಂದು ಹೇಳಲಿಲ್ಲ. ಹೆಚ್ಚಿನವರು ಆಗಷ್ಟೇ ಬಳಸಿದ ಅವೇ ಐದು ಬೆಲೆಗಳನ್ನು ಬರೆದರು. ಸೈನ್ 0, ಸೈನ್ 270, ಸೈನ್ 540, ಸೈನ್ 810, ಸೈನ್ 1080. ಉತ್ತರ ಕ್ರಮವಾಗಿ 0, −1, 0, 1, 0. ಬಿಂದುಗಳನ್ನು ಸೇರಿಸಿದರೆ ತಲೆಕೆಳಗಾದ ಸೈನ್ ಎಕ್ಸ್ ಬಂತು! 3ರಿಂದ ಗುಣಿಸಿದರೆ ಅಲೆ ಮಗುಚಿಕೊಳ್ಳುತ್ತದೆ ಎಂದು ಒಬ್ಬ ಹುಡುಗ ನಿಯಮವನ್ನೂ ಹೇಳಿಬಿಟ್ಟ.

ಇಲ್ಲಿ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು, ಕಪ್ಪುಹಲಗೆಯ ಮೇಲೆ ಸರಿಯಾದ ನಕ್ಷೆ ಬರೆದು ಮುಂದೆ ಹೋಗಬಹುದು. ಆದರೆ ಎರಡನೇ ಬೆಂಚಿನ ಹುಡುಗಿ ಕೇಳಿದ ಪ್ರಶ್ನೆ ನ್ಯಾಯವಾದದ್ದು: "ಮೇಡಂ, ಒಂದು ಬೆಲೆಯೂ ತಪ್ಪಿಲ್ಲ. ಹಾಗಿದ್ದ ಮೇಲೆ ನಕ್ಷೆ ಹೇಗೆ ತಪ್ಪಾಗುತ್ತೆ?" ಅವಳ ಲೆಕ್ಕ ಪೂರ್ತಿ ಸರಿ ಇತ್ತು. ಇದಕ್ಕೆ ಉತ್ತರ ಸಿಗದಿದ್ದರೆ ಅವಳು ಕೋಷ್ಟಕವನ್ನೇ ನಂಬುವುದನ್ನು ಬಿಡುತ್ತಾಳೆ. ಆಕಾರಗಳನ್ನು ಬಾಯಿಪಾಠ ಮಾಡಿಕೊಳ್ಳುತ್ತಾಳೆ.

ಉತ್ತರದ ಬದಲು ಇನ್ನೊಂದು ಲೆಕ್ಕ ಕೊಟ್ಟೆ. ನೀವು ಎಳೆದ ನಕ್ಷೆಯಲ್ಲಿ ಎಕ್ಸ್ 30 ಇದ್ದಾಗ ವೈ ಎಷ್ಟು ಕಾಣುತ್ತದೆ? ಸುಮಾರು −0.5 ಎಂದರು. ಸಮೀಕರಣದಲ್ಲಿ ಹಾಕಿ ನೋಡಿ. ಸೈನ್ 90, ಅಂದರೆ 1. ಕೂಡಲೇ ಕೆಲವರು ತಾವಾಗಿಯೇ 30ರ ಅಂತರದಲ್ಲಿ ಕೋಷ್ಟಕವನ್ನು ಮತ್ತೆ ಬರೆದರು. 0, 1, 0, −1, 0 ಎಂಬ ಸರಣಿ ಮೂರು ಸಲ ಬಂತು. 360 ಡಿಗ್ರಿಯೊಳಗೆ ಮೂರು ಪೂರ್ಣ ಅಲೆಗಳು. ಬೆಲೆಗಳು ಸುಳ್ಳಲ್ಲ, ಎರಡು ಬೆಲೆಗಳ ನಡುವೆ ಏನಾಯಿತೆಂದು ಕೋಷ್ಟಕ ಹೇಳಿರಲಿಲ್ಲ ಅಷ್ಟೆ.

ಸೈನ್ 4ಎಕ್ಸ್‌ಗೆ 45ರ ಅಂತರ ತೆಗೆದುಕೊಂಡರೆ ಇನ್ನೂ ಮಜಾ. ಎಲ್ಲ ಬೆಲೆಯೂ ಸೊನ್ನೆ, ಅಲೆ ಅಕ್ಷದ ಮೇಲೆ ಮಲಗಿಬಿಡುತ್ತದೆ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತಿನ ಉದಾಹರಣೆಯನ್ನು ಇಲ್ಲಿಯೇ ಸೇರಿಸಿದೆ. 230 ವೋಲ್ಟ್, 50 ಹರ್ಟ್ಸ್ ಎಂದರೆ ವೋಲ್ಟೇಜ್ ಸುಮಾರು +325ರಿಂದ −325ರವರೆಗೆ ಏರಿಳಿಯುತ್ತದೆ, ಒಂದು ಅಲೆಗೆ 20 ಮಿಲಿಸೆಕೆಂಡ್. ಸೊನ್ನೆಯಿಂದ ಆರಂಭಿಸಿ 10 ಮಿಲಿಸೆಕೆಂಡಿಗೊಮ್ಮೆ ಬೆಲೆ ಬರೆದರೆ ಕೋಷ್ಟಕದಲ್ಲಿ ಕರೆಂಟೇ ಇರುವುದಿಲ್ಲ. 5 ಮಿಲಿಸೆಕೆಂಡಿಗೊಮ್ಮೆ ಬರೆದರೆ ಕರೆಂಟು ಬರುತ್ತದೆ.

ಹಾಗಾದರೆ ಸರಿಯಾದ ಅಂತರ ಯಾವುದು? ಸೈನ್‌ಗೆ ತಿಳಿದಿರುವುದು ತನ್ನ ಒಳಗೆ ಬಂದ ಕೋನ ಮಾತ್ರ. ಆದ್ದರಿಂದ ಕೋಷ್ಟಕದ ಮೊದಲ ಸಾಲು ಎಕ್ಸ್ ಅಲ್ಲ, ಒಳಗಿನ ಕೋನ. ಎರಡನೇ ತರಗತಿಯಲ್ಲಿ ತೆಗೆದುಕೊಂಡ ಸಮೀಕರಣ ವೈ = 2 ಸೈನ್ (2ಎಕ್ಸ್ − 60°) + 1. ಕೋಷ್ಟಕ ಹೀಗೆ:

ಒಳಗಿನ ಕೋನ: 0, 90, 180, 270, 360
ಎಕ್ಸ್: 30, 75, 120, 165, 210
ಸೈನ್ ಬೆಲೆ: 0, 1, 0, −1, 0
ಎರಡು ಪಟ್ಟು: 0, 2, 0, −2, 0
ವೈ: 1, 3, 1, −1, 1

ಎಕ್ಸ್ ಸಾಲಿಗೆ ಬೇಕಾದದ್ದು 2ಎಕ್ಸ್ − 60 = 0, 2ಎಕ್ಸ್ − 60 = 90 ಮುಂತಾದ ಸರಳ ಸಮೀಕರಣಗಳು. ಇದು ಅವರಿಗೆ ಎಂಟನೇ ತರಗತಿಯಿಂದ ಗೊತ್ತಿರುವ ಕೆಲಸ. ಅಲೆ ಬಲಕ್ಕೆ ಸರಿಯುವುದು 60 ಡಿಗ್ರಿಯೋ 30 ಡಿಗ್ರಿಯೋ ಎಂಬ ಪ್ರತಿವರ್ಷದ ಗೊಂದಲ ಇಲ್ಲಿ ಹುಟ್ಟುವುದೇ ಇಲ್ಲ. ಒಳಗಿನ ಕೋನ ಸೊನ್ನೆಯಾಗುವುದು ಎಕ್ಸ್ 30 ಆದಾಗ. ಅಲೆ ಅಲ್ಲಿಂದ ಹೊರಡುತ್ತದೆ. ಕಳೆಯುವ ಚಿಹ್ನೆ ಇದ್ದರೂ ನಕ್ಷೆ ಬಲಕ್ಕೇ ಏಕೆ ಹೋಗುತ್ತದೆ ಎಂಬುದಕ್ಕೂ ಬೇರೆ ವಿವರಣೆ ಬೇಕಾಗಲಿಲ್ಲ. 30ರಿಂದ 210ಕ್ಕೆ 180, ಅದೇ ಆವರ್ತ. ಕೊನೆಯ ಎರಡು ಸಾಲುಗಳನ್ನು ಒಂದೇ ಸಾಲಿಗೆ ಇಳಿಸಬೇಡಿ ಎಂದು ಸಹ ಪ್ರಶಿಕ್ಷಣಾರ್ಥಿಗಳಿಗೆ ಹೇಳುತ್ತೇನೆ. ಮೊದಲು ಹಿಗ್ಗಿಸುವುದು, ಆಮೇಲೆ ಮೇಲಕ್ಕೆತ್ತುವುದು ಎಂಬ ಕ್ರಮ ಆ ಎರಡು ಸಾಲುಗಳಲ್ಲೇ ಕಣ್ಣಿಗೆ ಬೀಳುತ್ತದೆ.

ಐದೇ ಬಿಂದುಗಳಿಂದ ಇನ್ನೊಂದು ತೊಂದರೆ: ಸ್ಕೇಲಿಟ್ಟು ಸೇರಿಸಿದರೆ ಗರಗಸದ ಹಲ್ಲಿನಂತೆ ಚೂಪು ತುದಿ ಬರುತ್ತದೆ. "ನಯವಾಗಿ ಎಳೆಯಿರಿ" ಎಂದರೆ ಆಜ್ಞೆಯಾಗುತ್ತದೆಯೇ ಹೊರತು ಕಾರಣವಾಗುವುದಿಲ್ಲ. ಕಾರಣಕ್ಕೆ ಆರ್ಯಭಟನ ಕೋಷ್ಟಕ ಒದಗಿತು. 499ರ ಆರ್ಯಭಟೀಯದಲ್ಲಿ 90 ಡಿಗ್ರಿಯನ್ನು 24 ಸಮಪಾಲು ಮಾಡಿ, ಒಂದು ಜ್ಯಾಗೂ ಮುಂದಿನದಕ್ಕೂ ಇರುವ ವ್ಯತ್ಯಾಸಗಳನ್ನು ಕೊಡಲಾಗಿದೆ: 225, 224, 222, 219 ಎಂದು ಆರಂಭವಾಗಿ ಕೊನೆಯಲ್ಲಿ 37, 22, 7. ಈ ಏಳು ಸಂಖ್ಯೆಗಳನ್ನು ಮಾತ್ರ ಹಲಗೆಯ ಮೇಲೆ ಬರೆದು, ಮೇಲಕ್ಕೆ ಹೋದಂತೆ ಏರು ಏನಾಗುತ್ತಿದೆ ಎಂದು ಕೇಳಿದೆ. "ಸುಸ್ತಾಗ್ತಿದೆ ಮೇಡಂ" ಎಂದರು. ಬಳಿಕ ತಮ್ಮದೇ ಬೆಲೆಗಳಲ್ಲಿ ನೋಡಿದರು: 0ಯಿಂದ 30ಕ್ಕೆ 0.5 ಏರಿಕೆ, 30ರಿಂದ 60ಕ್ಕೆ 0.366, 60ರಿಂದ 90ಕ್ಕೆ 0.134. ತುದಿಯಲ್ಲಿ ನಕ್ಷೆ ದುಂಡಾಗಲೇಬೇಕು. ಪೆನ್ಸಿಲ್ ತಾನಾಗಿಯೇ ನಿಧಾನವಾಯಿತು.

ಮೂರನೇ ತರಗತಿಯಲ್ಲಿ ಸೈನ್ (60° − 2ಎಕ್ಸ್) ಕೊಟ್ಟಾಗ ಎಕ್ಸ್ ಸಾಲು 30, −15, −60, −105, −150 ಎಂದು ಇಳಿಯತೊಡಗಿತು. ಹಲವರು ಎಲ್ಲೋ ತಪ್ಪಿದೆ ಎಂದು ಅಳಿಸಲು ಹೊರಟರು. ಸಾಲು ಇಳಿದರೂ ಬಿಂದು ಗುರುತಿಸಲು ಅಡ್ಡಿಯಿಲ್ಲ. ಅಲೆಯನ್ನು ಬಲದಿಂದ ಎಡಕ್ಕೆ ಎಳೆಯಬೇಕು. ಇದಕ್ಕೆ ನಾನು ಇಟ್ಟಿದ್ದ ಹತ್ತು ನಿಮಿಷ ಸಾಲದು, ಅರ್ಧ ತರಗತಿಯಾದರೂ ಬೇಕು.

ಮೌಲ್ಯಮಾಪನಕ್ಕೆ "ನಕ್ಷೆ ಎಳೆಯಿರಿ" ಎಂಬ ಪ್ರಶ್ನೆಯ ಜೊತೆ ಇದನ್ನೂ ಕೇಳಿದೆ: ಒಬ್ಬರು ಸೈನ್ 5ಎಕ್ಸ್‌ಗೆ 0, 90, 180, 270, 360 ತೆಗೆದುಕೊಂಡು ಸೈನ್ ಎಕ್ಸ್‌ನಂಥದೇ ನಕ್ಷೆ ಪಡೆದಿದ್ದಾರೆ, ಅವರಿಗೆ ಸಂಶಯ ಬರುವಂತೆ ಮಾಡಲು ಎಕ್ಸ್‌ನ ಯಾವ ಒಂದು ಬೆಲೆಯನ್ನು ಪರೀಕ್ಷಿಸಲು ಹೇಳುತ್ತೀರಿ? 36 ಎಂದವರು ಇದ್ದರು, 54 ಎಂದವರೂ ಇದ್ದರು. ಎರಡಕ್ಕೂ ಪೂರ್ಣ ಅಂಕ ಕೊಟ್ಟೆ.